ಗುಡ್ಡ ಅಳೆಯಲು ಬಾರದ ಸರ್ವೇ ಸಾಹೇಬರು

ನಮ್ಮ ಸರ್ವೇ ಸಾಹೇಬರ ಸಂತಾಪ ಸಭೆಯಲ್ಲಿ ಹನ್ನೊಂದು ಮಂದಿ ಮಾತಾಡಿದರು. ಪ್ರಾಮಾಣಿಕರು ಅಂದರು, ಸರಳಜೀವಿ ಅಂದರು, ತುಂಬಲಾರದ ನಷ್ಟ ಅಂದರು. ಒಬ್ಬರಂತೂ ಸಾಹೇಬರ ಸರಪಳಿಗೆ ಬಡವನೂ ಒಂದೇ ಸಾಹುಕಾರನೂ ಒಂದೇ ಎಂದು ಏರುದನಿಯಲ್ಲಿ ಹೇಳಿ, ಚಪ್ಪಾಳೆಗೆ ಕಾದು, ಇದು ಸಂತಾಪ ಸಭೆ ಎಂದು ನೆನಪಾಗಿ ಮೆಲ್ಲಗೆ ಕೂತರು. ನನಗೆ ಒಳಗೊಳಗೇ ಸಿಟ್ಟು. ಇವೆಲ್ಲ ಸತ್ತ ಯಾರಿಗೆ ಬೇಕಾದರೂ ಹೇಳಬಹುದಾದ ಮಾತುಗಳು. ಅವರಿಗೆ ಗುಡ್ಡ ಅಳೆಯಲು ಬರುತ್ತಿರಲಿಲ್ಲ ಎಂಬುದನ್ನು ಒಬ್ಬರೂ ಹೇಳಲಿಲ್ಲ. ಹೇಳಲು ಗೊತ್ತಿದ್ದವನು ನಾನೊಬ್ಬ, ನನ್ನನ್ನು ಯಾರೂ ಕರೆಯಲಿಲ್ಲ. ಕರೆದಿದ್ದರೂ ನಾನು ಎದ್ದು, ಕೋಲು ಹುಡುಕಿ, ವೇದಿಕೆ ಹತ್ತುವಷ್ಟರಲ್ಲಿ ಎಲ್ಲರೂ ಚಹಾ ಕುಡಿದು ಮನೆಗೆ ಹೋಗಿರುತ್ತಿದ್ದರು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಎಡಗಾಲು ಮೂರನೇ ವರ್ಷಕ್ಕೆ ಪೋಲಿಯೊ ಬಂದು ಸೊರಗಿತು. ತೊಡೆಯಿಂದ ಬೂಟಿನವರೆಗೆ ಕಬ್ಬಿಣದ ಪಟ್ಟಿ, ಅದಕ್ಕೆ ಚರ್ಮದ ಬೆಲ್ಟು, ಬಲಗೈಗೆ ಕೋಲು. ಹುಟ್ಟಿ ಬೆಳೆದದ್ದು ಶಹಾಬಾದಿನ ಕಲ್ಲುಗಣಿಗಳ ಪಕ್ಕ, ಕೆಲಸ ಸೇಡಂನ ಕಚೇರಿಯೊಂದರ ನಕ್ಷೆ ಕೋಣೆಯಲ್ಲಿ. ರೈತರು ಅರ್ಜಿ ಕೊಟ್ಟರೆ ಅವರ ಹೊಲದ ಹಳೇ ನಕ್ಷೆ ಹುಡುಕಿ ನಕಲು ತೆಗೆದುಕೊಡಬೇಕು. ಕೂತು ಮಾಡುವ ಕೆಲಸ, ನಿನಗೆ ಭಾಳ ಅನುಕೂಲ ಎಂದು ಕಂಡವರೆಲ್ಲ ಹೇಳುತ್ತಾರೆ. ಹಾಗಂದವರ ನಕಲನ್ನು ನಾನು ಎರಡು ದಿನ ತಡಮಾಡಿ ಕೊಡುತ್ತೇನೆ. ಸಾಹೇಬರು ಒಮ್ಮೆಯೂ ಹಾಗೆ ಅನ್ನಲಿಲ್ಲ.

ಅವರು ನನ್ನ ಕೋಣೆಯ ಪಕ್ಕದಲ್ಲೇ ಕೂರುತ್ತಿದ್ದ ಭೂಮಾಪಕರು. ಗಿಡ್ಡಾಳು, ಬಿಸಿಲಿಗೆ ಕರಕಲಾದ ಮೈ, ಯಾವತ್ತೂ ಬಿಳಿಯ ಅಂಗಿ. ಮೂವತ್ತು ವರ್ಷ ತೊಗರಿ ಹೊಲಗಳನ್ನು ಅಳೆದೂ ಅಳೆದೂ ಅವರ ಹೆಜ್ಜೆಯೇ ಅಳತೆಯಾಗಿತ್ತು. ಬರೋಬ್ಬರಿ ಎರಡೂವರೆ ಅಡಿ, ಹೆಚ್ಚಿಲ್ಲ ಕಡಿಮೆಯಿಲ್ಲ. ಬಾಯೊಳಗೇ ಎಣಿಸುತ್ತ ನಡೆಯುವರು. ದಾರಿಯಲ್ಲಿ ಯಾರಾದರೂ ನಮಸ್ಕಾರ ಎಂದರೆ ಒಂದು ಬೆರಳೆತ್ತಿ ನಿಲ್ಲಿಸಿ, ಹತ್ತರ ಲೆಕ್ಕ ಮುಟ್ಟಿದ ಮೇಲೆ ತಿರುಗಿ ನಮಸ್ಕಾರ ಅನ್ನುವರು. ಅಷ್ಟರಲ್ಲಿ ಆ ಮನುಷ್ಯ ಮೂಲೆ ತಿರುಗಿರುತ್ತಿದ್ದ. ಸೊಕ್ಕಿನ ಮನುಷ್ಯ ಎಂದು ಊರಲ್ಲಿ ಅರ್ಧ ಮಂದಿಗೆ ಅವರ ಮೇಲೆ ಮುನಿಸಿತ್ತು.

ಮೂವತ್ತಮೂರು ಅಡಿಯ ಹಳೇ ಸರಪಳಿಯನ್ನು ಹದಿನಾರು ಆಣೆಯಾಗಿ ಭಾಗ ಮಾಡಿರುತ್ತಾರೆ. ಈಗ ಅಳತೆಗೆ ಬೇರೆ ಬೇರೆ ಯಂತ್ರಗಳು ಬಂದಿವೆ, ಆದರೆ ಸಾಹೇಬರಿಗೆ ಜಗತ್ತೆಲ್ಲ ಇನ್ನೂ ಹದಿನಾರು ಆಣೆಯೇ. ಚಹಾ ಚೆನ್ನಾಗಿದ್ದರೆ "ಹದಿನಾಲ್ಕಾಣೆ ಅದ" ಅನ್ನುವರು. ಹೊಸದಾಗಿ ಬಂದ ಮೇಲಧಿಕಾರಿ ಹೇಗೆ ಎಂದು ಕೇಳಿದರೆ, "ಸದ್ಯಕ್ಕ ಆರಾಣೆ ಕಾಣ್ತಾರ, ನೋಡಮಿ." ಹೆಂಡತಿಯ ಅಡುಗೆಯನ್ನು ಮಾತ್ರ ಪೂರಾ ಹದಿನಾರಾಣೆ ಎನ್ನುತ್ತಿದ್ದರು, ಅದೂ ಒಳಗಿದ್ದ ಅವರಿಗೆ ಕೇಳುವಷ್ಟು ಗಟ್ಟಿಯಾಗಿ.

ಅವರಲ್ಲಿ ಇನ್ನೊಂದು ಗುಣವಿತ್ತು, ಅದೆಂದರೆ ನಾಟಕ. ಚಿತ್ತಾಪುರದ ಕಡೆಯ ಒಂದು ಊರಲ್ಲಿ ಅಣ್ಣತಮ್ಮ ಇಬ್ಬರು ಬದುವಿನ ಮೇಲೆ ಜಗಳಾಡಿ ಏಳು ವರ್ಷ ಮಾತು ಬಿಟ್ಟಿದ್ದರು. ಅಳೆಯಲು ಹೋದ ಸಾಹೇಬರು ಹೊಲದ ನಡುವೆ ಧೊಪ್ಪನೆ ಕೂತು, "ಕಣ್ಣಿಗಿ ಕತ್ತಲಿ ಬಂದಂಗ ಆಗ್ಯದ, ನನಗ ಏಳಲಿಕ್ಕಾಗಂಗಿಲ್ಲ" ಎಂದುಬಿಟ್ಟರು. ಅಣ್ಣ ನೀರಿಗೆ ಓಡಿದ, ತಮ್ಮ ಕೊಡೆ ಹಿಡಿದ. ಇಬ್ಬರೂ ಸೇರಿ ಎತ್ತಿ ಬೇವಿನ ನೆರಳಿಗೆ ತಂದು ಮಲಗಿಸಿದರು. ಗಾಬರಿಯಲ್ಲಿ ಅಣ್ಣ ತಮ್ಮನಿಗೆ "ಆ ಕಡಿ ಹಿಡಿಯೋ" ಎಂದ, ತಮ್ಮ "ಹಿಡದೀನೋ ಅಣ್ಣಾ" ಎಂದ. ಸಾಹೇಬರು ಅರ್ಧ ಗಂಟೆ ಕಣ್ಣುಮುಚ್ಚಿ ಮಲಗಿದ್ದು, ಎದ್ದು ಬದುವಿನ ಕಲ್ಲು ನೆಡಿಸಿ, ಇಬ್ಬರಿಂದಲೂ ಸಹಿ ಹಾಕಿಸಿಕೊಂಡು ಬಂದರು. ನನಗೆ ಈ ಕತೆ ಹೇಳಿ ಕಣ್ಣು ಮಿಟುಕಿಸಿದ್ದರು. ಅಂದಿನಿಂದ ಅವರು ಕೆಮ್ಮಿದರೂ ನಾನು ನಂಬುತ್ತಿರಲಿಲ್ಲ.

ಇನ್ನು ಗುಡ್ಡದ ವಿಷಯ. ಒಂದು ಭಾನುವಾರ ಕಚೇರಿಯವರೆಲ್ಲ ಸೇರಿ ಚಿಂಚೋಳಿಯ ಆಚೆ, ಚಂದ್ರಂಪಳ್ಳಿ ಅಣೆಕಟ್ಟಿನ ನೀರಿನ ದಂಡೆಗೆ ಹೋಗಿದ್ದೆವು. ಊಟವಾದ ಮೇಲೆ ಎಲ್ಲರಿಗೂ ಪಕ್ಕದ ಗುಡ್ಡ ಹತ್ತುವ ಹುಮ್ಮಸ್ಸು ಬಂತು. ನನ್ನನ್ನು ಮರದ ಕೆಳಗೆ ಕೂರಿಸಿ, "ಜರಾ ಇವನ್ನ ನೋಡ್ಕೊಳ್ರಿ" ಎಂದು ಚೀಲ, ಡಬ್ಬಿ, ಕೊಡೆ ಎಲ್ಲ ನನ್ನ ಸುತ್ತ ಇಟ್ಟು ಹೋದರು. ಇದೇನು ಹೊಸದಲ್ಲ. ಶಾಲೆಯ ಪ್ರವಾಸದಲ್ಲಿ ಚೀಲ ಕಾದಿದ್ದೆ, ಅಕ್ಕನ ಮದುವೆಯಲ್ಲಿ ಚಪ್ಪಲಿ ಕಾದಿದ್ದೆ, ಗೆಳೆಯರ ಜೊತೆ ಯಾವ ಕೋಟೆಗೆ ಹೋದರೂ ಅವರ ಮೊಬೈಲು ಕಾದಿದ್ದೆ. ಸಿಟ್ಟು ಬಂದರೆ ಚೀಲದೊಳಗಿನ ಚಕ್ಕುಲಿ ತಿಂದು ಖಾಲಿ ಮಾಡುತ್ತಿದ್ದೆ. ಅಂದೂ ಅದನ್ನೇ ಮಾಡುತ್ತಿದ್ದಾಗ ಸಾಹೇಬರು ಅರ್ಧ ದಾರಿಯಿಂದ ವಾಪಸು ಬಂದು ನನ್ನ ಪಕ್ಕ ಕೂತರು.

"ಯಾಕ್ರಿ ಸಾಹೇಬ್ರ, ಹತ್ತಲಿಲ್ಲ?"

"ಹತ್ತಿ ಏನ್ ಮಾಡ್ಲಿ? ಅಲ್ಲಿ ಯಾರ ಹೊಲಾನೂ ಇಲ್ಲ," ಎಂದು ಒಂದು ಚಕ್ಕುಲಿ ಎತ್ತಿಕೊಂಡರು. ಅದನ್ನು ತಿಂದು ಮುಗಿಸಿ, "ನಿನಗ ಹತ್ತಬೇಕಂತ ಅದನೋ ಇಲ್ಲೋ? ಅದನ್ನ ಹೇಳು ಮದಲ" ಅಂದರು.

"ಇಲ್ರಿ. ನನಗೇನದ ಅಲ್ಲಿ?"

"ಸುಳ್ಳು ಹೇಳ್ಲಿಕತ್ತೀದಿ."

ನನಗೆ ರೇಗಿತು. ಕುಂಟನ ಮುಂದೆ ಇದೇನು ಮಾತು ಎಂದು ಜಗಳ ತೆಗೆಯಬೇಕೆಂದಿದ್ದೆ, ಬಾಯಿಂದ ಬಂದದ್ದೇ ಬೇರೆ. "ಅದರಿ. ಸಣ್ಣಾಂವ ಇದ್ದಾಗಿಂದ ಅದ. ಒಂದೇ ಒಂದು ಗುಡ್ಡ, ಎಷ್ಟು ಸಣ್ಣದಿದ್ರೂ ನಡೀತದ. ಆದ್ರ ಯಾರೂ ನನ್ನ ಎತ್ತಬಾರ್ದು. ಕೈ ಸುದ್ದಾ ಹಿಡೀಬಾರ್ದು." ಮೂವತ್ತೆಂಟು ವರ್ಷದ ಗಂಡಸು ಹಾಗೆ ಹೇಳಿ ಅತ್ತುಬಿಡುವುದರಲ್ಲಿದ್ದೆ. ಸಾಹೇಬರು ನನ್ನ ಮುಖ ನೋಡಲಿಲ್ಲ. ನೀರಿನ ಕಡೆ ನೋಡುತ್ತ ಹೇಳಿದರು: "ನಮ್ಮೂರು ಆಡಕಿಯೊಳಗ ನಮ್ಮಪ್ಪ ಮಂದಿ ಹೊಲದಾಗ ಕೂಲಿ ಮಾಡ್ತಿದ್ದ. ನಾ ಸಾಲಿಗಿ ಹೋದ್ರ ಬಾಗಿಲ ಹೊರಗ ಕುಂದರಸ್ತಿದ್ರು. ನನ್ನ ಕಾಲು ಛಲೋ ಇದ್ವು, ಕಾರಣ ಬ್ಯಾರೆ ಇತ್ತು. ಹೊರಗ ಕುಂತೋರಿಗಿ ಒಳಗ ಏನ್ ನಡದದ ಅಂತ ಭಾಳ ಅನಸ್ತದ. ನನಗ ಗೊತ್ತದ." ಆಮೇಲೆ ಎದ್ದು ಪ್ಯಾಂಟು ಝಾಡಿಸಿ, "ನಿನ್ನ ಅರ್ಜಿ ಬಂದದ. ಅಳತಿ ಮಾಡಿ ಹೇಳ್ತೀನಿ" ಎಂದರು.

ಮರುವಾರದಿಂದ ಅವರ ತಯಾರಿ ಶುರುವಾಯಿತು. ನಮ್ಮ ಕಚೇರಿಯ ಪಂಡಿತರೆಲ್ಲ ಇದನ್ನು ಕೇಳಿ, ಹೋಗುವುದಿದ್ದರೆ ಮಹಾಬಳೇಶ್ವರಕ್ಕೆ ಹೋಗಿ, ಊಟಿಗೆ ಹೋಗಿ, ಅಲ್ಲಿ ಕಾರು ಮೇಲಿನ ತನಕ ಹೋಗುತ್ತದೆ ಎಂದು ಸಲಹೆ ಕೊಟ್ಟರು. ಸಾಹೇಬರು, "ಕಾರು ಹತ್ತಿದ್ರ ಕಾರಿಗಿ ಖುಷಿ, ಇಂವಗೇನು? ನಮ್ಮ ಕಾಲಿಗಿ ಸಾಲುವಷ್ಟು ಗುಡ್ಡ ನಮ್ಮ ಚಿಂಚೋಳ್ಯಾಗೇ ಅದ" ಎಂದು ಬಾಯಿ ಮುಚ್ಚಿಸಿದರು. ಅದೇ ನೀರಿನ ದಂಡೆಯ ಗುಡ್ಡ, ಅಭಯಾರಣ್ಯದ ಗಡಿ ಎಂದು ಅರಣ್ಯದವರಿಗೆ ಅರ್ಜಿ ಬರೆದು ಪರವಾನಗಿ ತೆಗೆಸಿದರು. ಭಾನುವಾರ ಭಾನುವಾರ ತಾವೊಬ್ಬರೇ ಬಸ್ಸಿಗೆ ಹೋಗಿ, ಅಲ್ಲಿನ ತಾಂಡಾದ ಒಬ್ಬ ಅರಣ್ಯ ವಾಚರ್‌ನನ್ನು ಜೊತೆಗಿಟ್ಟುಕೊಂಡು, ಮನೆಯಲ್ಲಿದ್ದ ಹಳೇ ಸರಪಳಿ ಎಳೆದು ದಾರಿ ಅಳೆದರು. ಸೋಮವಾರ ಹಲವು ಸಲ ರಜೆ ಹಾಕುತ್ತಿದ್ದರು. ಮುದುಕ ಸೋಮಾರಿಯಾದ ಎಂದು ನಾನೇ ಚೇಷ್ಟೆ ಮಾಡಿದ್ದೆ.

ಮಂಗಳವಾರ ಬಂದು ತಮ್ಮ ಅಳತೆ ಪುಸ್ತಕ ತೆರೆದು ನನಗೆ ಓದಿ ಹೇಳುವರು. ಎಷ್ಟನೇ ಸರಪಳಿಗೆ ಕೂರುವಂಥ ಬಂಡೆ ಇದೆ, ಅದರ ಎತ್ತರ ಎಷ್ಟು, ಪಟ್ಟಿ ಹಾಕಿದ ಕಾಲನ್ನು ಯಾವ ಬದಿಗೆ ಚಾಚಿ ಕೂರಬಹುದು. ಎಲ್ಲಿ ಜಲ್ಲಿ, ಎಲ್ಲಿ ಕೋಲು ಊರಿದರೆ ಜಾರುತ್ತದೆ. ಯಾವ ತಿಂಗಳಲ್ಲಿ ಹುಲ್ಲು ಒಣಗಿ ದಾರಿ ಕಾಣುತ್ತದೆ. ಸೇಡಂನಿಂದ ಎಷ್ಟು ಹೊತ್ತಿಗೆ ಹೊರಟರೆ ಬಿಸಿಲೇರುವ ಮೊದಲು ಬುಡ ಮುಟ್ಟಬಹುದು. ರೊಟ್ಟಿ, ಶೇಂಗಾ ಹಿಂಡಿ, ಪುಂಡಿಪಲ್ಯ ಯಾರ ಚೀಲದಲ್ಲಿ ಎಂಬುದನ್ನೂ ಬರೆದಿದ್ದರು. ಜಮೀನಿನ ಕಾಗದದಂತೆ ಮೇಲೆ ಅರ್ಜಿದಾರರ ಹೆಸರು ಎಂದು ನನ್ನ ಹೆಸರು, ಕೆಳಗೆ ಅವರ ಸಹಿ. ನನ್ನ ಕಾಲಿನ ಬಗ್ಗೆ ಅಷ್ಟು ವಿವರವಾಗಿ ಯೋಚಿಸಿದವರು ನನ್ನ ತಾಯಿ ಬಿಟ್ಟರೆ ಅವರೊಬ್ಬರೇ.

"ನಲವತ್ತು ಸರಪಳಿ ದಾರಿ," ಅಂದರು ಕೊನೆಗೆ. "ಇಲ್ಲಿ ನೆಲದ ಮ್ಯಾಲ ನಲವತ್ತು ನಡದು ತೋರಸು. ಹೋಗಮಿ."

ಕಚೇರಿಯ ಹಿಂದಿನ ರಸ್ತೆಯಲ್ಲಿ ನಲವತ್ತು ಸರಪಳಿ ಅಳೆದು ಅಲ್ಲಲ್ಲಿ ಸುಣ್ಣದ ಗುರುತು ಹಾಕಿಸಿದರು. ದಿನಾ ಸಂಜೆ ನಾನು ನಡೆಯುವುದು, ಅವರು ಪಕ್ಕದಲ್ಲಿ ಎಣಿಸುವುದು. ಮೊದಲ ವಾರ ಹತ್ತು ಸರಪಳಿಗೇ ಬೆಲ್ಟು ತೊಡೆಗೆ ಕಚ್ಚಿ ನೆತ್ತರು ಬಂತು. ಅವರ ಹೆಂಡತಿ, ನಾನು ವೈನಿ ಎಂದು ಕರೆಯುತ್ತಿದ್ದವರು, ಹಳೇ ಕೌದಿಯ ತುಂಡು ಕತ್ತರಿಸಿ ಪಟ್ಟಿಯ ಒಳಗೆ ಹೊಲಿದುಕೊಟ್ಟರು. ಒಂದೂವರೆ ತಿಂಗಳಲ್ಲಿ ನಲವತ್ತೂ ಮುಗಿಸಿದೆ. ಸಾಹೇಬರು ಅಂದು ನನಗೆ ಮಿರ್ಚಿ ಭಜಿ ತಿನ್ನಿಸಿ, "ಗುಡ್ಡ ನಿಂದೇ ಆಯ್ತು ತಮ್ಮಾ" ಎಂದರು. ನಾನೂ ನಂಬಿದೆ.

ಡಿಸೆಂಬರಿನ ಒಂದು ಭಾನುವಾರ ಹೋದೆವು. ನಾನು, ಸಾಹೇಬರು, ವಾಚರ್. ಮೊದಲ ನಾಲ್ಕು ಸರಪಳಿ ಮದುಮಗನಂತೆ ನಡೆದೆ. ಆಮೇಲೆ ಗುಡ್ಡ ಶುರುವಾಯಿತು. ನೆಲದ ಮೇಲೆ ನನ್ನ ಕೆಟ್ಟ ಕಾಲನ್ನು ಬೀಸಿ ಮುಂದಿಡುತ್ತೇನೆ, ಅದು ಹೇಗೋ ಬಂದು ನಿಲ್ಲುತ್ತದೆ. ಏರಿನಲ್ಲಿ ಬೀಸಿದ ಕಾಲು ಮುಂದಿನ ಕಲ್ಲಿಗೇ ಬಡಿಯುತ್ತದೆ. ಪ್ರತಿ ಹೆಜ್ಜೆಗೂ ಇಡೀ ಮೈಯನ್ನು ಕೋಲಿನ ಮೇಲೆ ಎತ್ತಬೇಕು. ಹತ್ತನೇ ಸರಪಳಿಗೆ ತೋಳು ನಡುಗತೊಡಗಿತು. ಹದಿನಾಲ್ಕಕ್ಕೆ ಕೋಲು ಜಾರಿ ಬೋರಲಾಗಿ ಬಿದ್ದೆ. ಬಾಯಿಗೆ ಮಣ್ಣು ಬಂತು.

ವಾಚರ್ ಒಳ್ಳೆಯವನು. ಓಡಿಬಂದು ಬೆನ್ನು ಕೊಟ್ಟು ಕೂತ. "ನಾ ಹೊತ್ಕೊಂಡು ಹೋಗ್ತೀನ್ರಿ. ಎಪ್ಪಾ, ಎಷ್ಟರ ಇದ್ದೀರಿ ನೀವು? ತೊಗರಿ ಚೀಲದಷ್ಟೂ ಇಲ್ಲ."

"ದೂರ ಸರಿ!" ಎಂದು ಕಿರುಚಿದೆ. ಅವನು ಬೆಚ್ಚಿಬಿದ್ದ.

"ಹೊರೋದು ಬ್ಯಾಡಪಾ," ಎಂದರು ಸಾಹೇಬರು. "ಅರ್ಜಿದಾರನ ಒಪ್ಪಿಗಿ ಇಲ್ಲ." ಅವರೂ ಬೆವೆತು ತೊಯ್ದು ತಪ್ಪಡಿಯಾಗಿದ್ದರು. ನಾನು ಬಿದ್ದಲ್ಲೇ ಎದ್ದು ಕೂತು, ಸಿಟ್ಟನ್ನೆಲ್ಲ ಅವರ ಮೇಲೆ ಕಾರಿದೆ. "ನಲವತ್ತು ಸರಪಳಿ ಅಂದ್ರಿ! ನಲವತ್ತು ನಡದೀನಿ ಇಲ್ಲೋ? ಇದು ನಲವತ್ತೇನ್ರಿ? ಇದೇನು ಅಳತಿ ನಿಮ್ಮದು? ನಗೆಪಾಟಲು ಮಾಡಲಿಕ್ಕೆ ಕರಕೊಂಡು ಬಂದೀರಿ?"

ಅವರು ಗುಡ್ಡವನ್ನು ಕೆಳಗಿಂದ ಮೇಲಿನವರೆಗೆ ನೋಡಿದರು. ಆಮೇಲೆ ಹಣೆ ಬಡಿದುಕೊಂಡರು. "ಅಯ್ಯ ನನ್ನ! ಏರು ಅಳದೇ ಇಲ್ಲಲ್ಲೋ ನಾ."

ಭೂಮಾಪಕರಲ್ಲದವರು ಈ ತಪ್ಪು ಮಾಡಲಾರರು. ಹೊಲದ ನಕ್ಷೆಗೆ ಏರುತಗ್ಗು ಬೇಕಿಲ್ಲ. ಇಳಿಜಾರಿನಲ್ಲೂ ಸರಪಳಿಯನ್ನು ನೆಲಕ್ಕೆ ಬಿಡದೆ, ಮಟ್ಟಸವಾಗಿ ಎತ್ತಿ ಹಿಡಿದೇ ಅಳೆಯಬೇಕೆಂದು ಅವರಿಗೆ ಕೆಲಸಕ್ಕೆ ಸೇರಿದ ದಿನವೇ ಕಲಿಸಿರುತ್ತಾರೆ. ಸಾಹೇಬರು ಗುಡ್ಡದ ಮೇಲೂ ಅದನ್ನೇ ಮಾಡಿದ್ದರು. ಕೂರುವ ಬಂಡೆ ಬರೆದರು, ಜಲ್ಲಿ ಬರೆದರು, ನೆರಳು ಬರೆದರು, ಆದರೆ ಗುಡ್ಡ ಎತ್ತರವಾಗಿರುತ್ತದೆ ಎಂಬುದನ್ನೇ ಬಿಟ್ಟಿದ್ದರು. ಹಳ್ಳಿಯ ಕುರಿ ಕಾಯುವವನನ್ನು ಕೇಳಿದ್ದರೂ ಹೇಳುತ್ತಿದ್ದ. ನನಗೆ ಆ ಸಿಟ್ಟಿನಲ್ಲೂ ನಗು ಬಂತು. ಅವರು ನಗಲಿಲ್ಲ. ಅಲ್ಲೇ ಕೂತು ಪುಸ್ತಕ ತೆಗೆದು, "ಅಳತೆ ತಪ್ಪಿದೆ. ಮರು ಅಳತೆ ಆಗತಕ್ಕದ್ದು" ಎಂದು ಬರೆದು ಸಹಿ ಹಾಕಿದರು. ಮೂವತ್ತು ವರ್ಷದಲ್ಲಿ ಅವರ ಯಾವ ಅಳತೆಯೂ ಮರು ಅಳತೆಗೆ ಬಂದದ್ದಿಲ್ಲ ಎಂದು ಇಡೀ ತಾಲೂಕಿಗೆ ಗೊತ್ತು.

"ನೋಡು ತಮ್ಮಾ, ಇದನ್ನ ತೆಲಿಗಿ ಹಾಕ್ಕೊ," ಎಂದರು ಇಳಿಯುವಾಗ. "ಇವತ್ತು ತಪ್ಪಿದ್ದು ನನ್ನ ಸರಪಳಿ. ನಿನ್ನ ಕಾಲು ಅಲ್ಲ."

ಆ ಒಂದು ಮಾತಿಗೆ ನಾನು ಅವರನ್ನು ಇಂದಿಗೂ ತಂದೆಯ ಸಮಾನರೆಂದು ನೆನೆಯುತ್ತೇನೆ. ನನ್ನ ಜೀವಮಾನದಲ್ಲಿ ಏನೇ ಕೆಟ್ಟರೂ ಅದು ನನ್ನ ಕಾಲಿನಿಂದಲೇ ಕೆಟ್ಟಿತ್ತು.

ಮರು ಅಳತೆಗೆ ಅವರು ಮನೆ ಕಟ್ಟುವ ಗೌಂಡಿಗಳ ಹತ್ತಿರ ನೀರಿನ ಪೈಪು ಎರವಲು ತಂದರು. ಪೈಪಿನಲ್ಲಿ ನೀರು ತುಂಬಿ ಎರಡು ತುದಿ ಎತ್ತಿ ಹಿಡಿದರೆ ಮಟ್ಟ ಸಿಗುತ್ತದಲ್ಲ, ಹಾಗೆ ತುಂಡುತುಂಡಾಗಿ ಇಡೀ ಗುಡ್ಡದ ಏರು ಲೆಕ್ಕ ಹಾಕಿದರು. ಆಮೇಲೆ ಅಷ್ಟು ಏರು ನಮ್ಮ ಕಡೆ ಎಲ್ಲಿ ಸಿಗುತ್ತದೆ ಎಂಬ ಪ್ರಶ್ನೆ. ಸೇಡಂ ಸುತ್ತ ನೆಲವೆಲ್ಲ ಪರಾತದಂತೆ ಚಪ್ಪಟೆ. ಯೋಚಿಸಿ ಯೋಚಿಸಿ ಕೊನೆಗೆ ಒಂದು ದಿನ ಕುಣಿಯುತ್ತ ಬಂದರು: "ಸಿಕ್ತು! ವಾಡಿ ಸ್ಟೇಷನ್ನಿನ ಬ್ರಿಜ್ಜು!"

ಪ್ಲಾಟ್‌ಫಾರ್ಮಿನಿಂದ ಪ್ಲಾಟ್‌ಫಾರ್ಮಿಗೆ ದಾಟುವ ಮೇಲ್ಸೇತುವೆ. ಒಂದು ಸಲ ಹತ್ತಿದರೆ ಒಂದು ಬ್ರಿಜ್ಜು ಏರು. ಗುಡ್ಡದ ಏರು ಬರೋಬ್ಬರಿ ಎಂಟು ಬ್ರಿಜ್ಜು. ಅಂದಿನಿಂದ ಪ್ರತಿ ಭಾನುವಾರ ನಾವಿಬ್ಬರೂ ಸೇಡಂನಿಂದ ಪ್ಯಾಸೆಂಜರ್ ಗಾಡಿ ಹಿಡಿದು, ಚಿತ್ತಾಪುರ ದಾಟಿ, ವಾಡಿಗೆ ಹೋಗುವುದು, ನಾನು ಬ್ರಿಜ್ಜು ಹತ್ತಿ ಇಳಿಯುವುದು. ಸಾಹೇಬರು ಕೆಳಗೆ ಕಲ್ಲುಬೆಂಚಿನ ಮೇಲೆ ಚಹಾ ಹಿಡಿದು ಕೂತು ಎಣಿಸುವುದು. ಎಲ್ಲಿಗೂ ಹೋಗದೆ ಬ್ರಿಜ್ಜನ್ನೇ ಹತ್ತಿ ಇಳಿಯುವ ಕುಂಟನನ್ನು ನೋಡಿ ಮಂದಿಗೆ ಸೋಜಿಗ. ಒಬ್ಬ ಮುದುಕಿ ನನಗೆ ತಲೆ ಕೆಟ್ಟಿದೆ ಎಂದುಕೊಂಡು ಕೈಯಲ್ಲಿ ಬಾಳೆಹಣ್ಣು ಇಟ್ಟು ಹೋದಳು. ಸಾಹೇಬರು ಅದರಲ್ಲಿ ಅರ್ಧ ಕಿತ್ತುಕೊಂಡು ತಿಂದರು.

"ನೀವೂ ಹತ್ರಿ ಸಾಹೇಬ್ರ, ಕುಂತು ಕುಂತು ಹೊಟ್ಟಿ ಬಂದದ," ಎಂದರೆ, "ನಾ ಹತ್ತಿದ್ರ ಎಣಸೋರ್ಯಾರು?" ಎನ್ನುವರು.

ಮೊದಲು ಎರಡು, ಆಮೇಲೆ ಮೂರು, ಸಂಕ್ರಾಂತಿ ಕಳೆದು, ಹೋಳಿ ಕಳೆದು ಐದು. ಬಿಸಿಲುಗಾಲದಲ್ಲಿ ಕಬ್ಬಿಣದ ಪಟ್ಟಿ ಕಾದು ಚರ್ಮ ಸುಡುತ್ತಿತ್ತು. ಒಂದು ಭಾನುವಾರ ಆರನೆಯದಕ್ಕೆ ಸೋತು, ಇನ್ನು ನನ್ನಿಂದಾಗದು, ಬೇರೆ ಯಾವನಾದರೂ ಕುಂಟನನ್ನು ಹುಡುಕಿಕೊಳ್ಳಿ ಎಂದು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಅವರು ಕೆಳಗಿನಿಂದಲೇ, "ಹತ್ತಾಣೆ ಆಗ್ಯದೋ! ಹತ್ತಾಣೆ ಆದ ಹೊಲ ಯಾವ ಸರ್ವೇಯರ್ ಬಿಟ್ಟು ಬರ್ತಾನ?" ಎಂದು ಕೂಗಿದರು. ಗಾಡಿ ಕಾಯುತ್ತಿದ್ದ ಮಂದಿಯೆಲ್ಲ ತಿರುಗಿ ನೋಡಿತು. ನಾಚಿಕೆಗೇ ಎದ್ದು ಹತ್ತಿದೆ. ಮಳೆಗಾಲ ಮುಗಿಯುವ ಹೊತ್ತಿಗೆ ಎಂಟಾಯಿತು. ಖಾತ್ರಿಗೆ ಇರಲಿ ಎಂದು ಒಂಬತ್ತು ಮಾಡಿಸಿದರು.

ಎರಡನೇ ಸಲ ಹೋದದ್ದು ಅವರು ನಿವೃತ್ತರಾಗಲು ತಿಂಗಳಿದ್ದಾಗ. ಅದೇ ದಾರಿ, ಅದೇ ವಾಚರ್. ಈ ಸಲ ಪ್ರತಿ ಐದು ಸರಪಳಿಗೆ ಕೂತು, ನೀರು ಕುಡಿದು, ಎದ್ದು ಹತ್ತಿದೆ. ನಾನು ಬಿದ್ದಿದ್ದ ಹದಿನಾಲ್ಕನೇ ಸರಪಳಿ ದಾಟಿದಾಗ ಸಾಹೇಬರು ಹಿಂದಿನಿಂದ ಸಣ್ಣಗೆ ಸೀಟಿ ಹೊಡೆದರು. ಇಪ್ಪತ್ತು ದಾಟಿತು. ಇಪ್ಪತ್ತೈದು ದಾಟಿತು. ಮೂವತ್ತಕ್ಕೆ, ಅಂದರೆ ಹನ್ನೆರಡಾಣೆ ದಾರಿಗೆ, ಒಂದು ದೊಡ್ಡ ಬಿಳಿಮತ್ತಿ ಮರ. ಅದರ ಬುಡಕ್ಕೆ ಅವರು ಕೂತರು.

"ದಮ್ ಹತ್ಯದ ತಮ್ಮಾ. ನನಗ ಇಷ್ಟೇ. ನೀ ನಡಿ."

"ಏಳ್ರಿ ಸಾಹೇಬ್ರ, ನಾಲ್ಕಾಣೆ ಉಳದದ."

"ನಾ ಬರಂಗಿಲ್ಲ. ನೀ ಹೋಗಿ ಬಾ." ವಾಚರ್‌ಗೂ ಕಣ್ಸನ್ನೆ ಮಾಡಿ ಅಲ್ಲೇ ಕೂರಿಸಿಕೊಂಡರು.

ನನಗೆ ತಟ್ಟನೆ ಅರ್ಥವಾಯಿತು. ಹೊಲದ ನಡುವೆ ಧೊಪ್ಪನೆ ಕೂತ ಅದೇ ನಾಟಕ! ಕೊನೆಯ ನಾಲ್ಕಾಣೆ ನಾನೊಬ್ಬನೇ ಹತ್ತಲಿ, ಪಕ್ಕದಲ್ಲಿ ಯಾವ ಕೈಯೂ ಇರದಿರಲಿ ಎಂದು ಮುದುಕನ ಹಂಚಿಕೆ. "ಆಯ್ತು ಆಯ್ತು, ನಿಮ್ಮ ಆಟ ನನಗ ಗೊತ್ತದ, ಮಕ್ಕೊಳ್ರಿ" ಎಂದು ನಕ್ಕು ಹೊರಟೆ. ಅವರೂ ನಕ್ಕರು.

ಹತ್ತಿದೆ. ಬೇರೆ ಏನು ಬರೆಯಲಿ? ಯಾರೂ ಎತ್ತಲಿಲ್ಲ, ಯಾರೂ ಹಿಡಿಯಲಿಲ್ಲ, ನನ್ನ ಕಾಲಿಂದ ನಾನು ಒಂದು ಗುಡ್ಡದ ಮೇಲೆ ನಿಂತೆ. ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಅಲ್ಲಿ ರಾಜನಂತೆ ಕೂತಿದ್ದೆ. ಎಷ್ಟು ಖುಷಿಯಾಯಿತೆಂದರೆ ಕೆಳಗೆ ಇಬ್ಬರು ಕಾಯುತ್ತಿದ್ದಾರೆ ಎಂಬುದೇ ಸ್ವಲ್ಪ ಹೊತ್ತು ಮರೆತುಹೋಗಿತ್ತು.

ಇಳಿದು ಬಂದಾಗ ಸಾಹೇಬರು ಮರಕ್ಕೆ ಒರಗಿ ಕೂತೇ ಇದ್ದರು. ಕೂತಲ್ಲಿಂದಲೇ ನನ್ನ ಕೈ ಹಿಡಿದು ಅಲುಗಾಡಿಸಿ, "ಶಾಬಾಸ್! ಹದಿನಾರಾಣೆ!" ಎಂದರು. ಆಮೇಲೆ ಪ್ರಶ್ನೆ ಶುರು ಮಾಡಿದರು. ಮೇಲಿಂದ ಏನು ಕಂಡಿತು? ನೀರು ಎಲ್ಲಿಯತನಕ ಕಾಣುತ್ತದೆ? ಆಚೆಯ ಬದಿ ಹೇಗಿದೆ? ನಿಜಕ್ಕೂ ಹತ್ತಿದ್ದೇನೋ ಇಲ್ಲವೋ ಎಂದು ಪರೀಕ್ಷೆ ಮಾಡುತ್ತಿದ್ದಾರೆ ಎಂದುಕೊಂಡೆ. ಗೆದ್ದು ಬಂದ ಸೊಕ್ಕು ಬೇರೆ.

"ನಿಮಗ ಗೊತ್ತಿಲ್ದಿದ್ದು ಏನದ್ರಿ? ನೀರದ. ಗಾಳಿ ಅದ. ಭಾಳ ಛಲೋ ಅದ."

"ಮತ್ತ?"

"ಮತ್ತೇನಿಲ್ರಿ. ನಡೀರಿ, ಹಸಿವ್ಯಾಗ್ಯದ."

ಅವರು ತಲೆಯಾಡಿಸಿ ಮೆಲ್ಲಗೆ ಎದ್ದರು.

ಆ ನಾಲ್ಕಾಣೆ ನಾಟಕದ ಕತೆಯನ್ನು ನಾನು ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ಎರಡು ವರ್ಷ ತಿರುಗಿದೆ. ಸಾಹೇಬರ ಮುಂದೆಯೇ ಹೇಳುತ್ತಿದ್ದೆ. ಅವರು ಹೌದೆನ್ನಲೂ ಇಲ್ಲ, ಅಲ್ಲವೆನ್ನಲೂ ಇಲ್ಲ. ಈ ವರ್ಷ ಒಂದು ಮುಂಜಾನೆ ಚಹಾ ಕುಡಿಯುತ್ತ ಕೂತಲ್ಲೇ ಹೋದರು.

ಸಂತಾಪ ಸಭೆಯ ಮರುದಿನ ಅವರ ಮನೆಗೆ ಹೋದೆ. ವೈನಿ ಒಬ್ಬರೇ ಪಡಸಾಲೆಯಲ್ಲಿ ಕೂತಿದ್ದರು. ಗೋಡೆಯ ಬುದ್ಧನ ಪಟದ ಪಕ್ಕ ಸಾಹೇಬರ ಫೋಟೋ ಹೊಸದಾಗಿ ಬಂದಿತ್ತು. ಅದೂ ಇದೂ ಮಾತಾಡಿದೆವು. ಸಭೆಯಲ್ಲಿ ಯಾರ್‍ಯಾರು ಏನೇನು ಬೊಗಳೆ ಬಿಟ್ಟರು ಎಂದು ಹೇಳಿ ಸ್ವಲ್ಪ ನಗಿಸಿದೆ. ನಕ್ಕು, ಕಣ್ಣೊರೆಸಿಕೊಂಡು ಅವರು ಕೇಳಿದರು.

"ಅಲ್ಲೋ ತಮ್ಮಾ, ಆ ಗುಡ್ಡದ ಮ್ಯಾಲಿಂದ ಏನ್ ಕಾಣ್ತದೋ? ಇವರಿಗಿ ಎಷ್ಟು ಸಲ ಕೇಳಿದ್ರೂ ಅದೇ ಮಾತು. ನೀರದ, ಗಾಳಿ ಅದ, ಭಾಳ ಛಲೋ ಅದ. ಅಷ್ಟೇ. ಮುಂದ ಹೇಳ್ತಿರಲಿಲ್ಲ."

"ಅಷ್ಟೇ ಅಂದ್ರ ಹ್ಯಾಂಗ ವೈನಿ? ಅಳೀಲಿಕ್ಕ ಹತ್ತು ಸಲ ಹತ್ಯಾರ ಅವರು."

"ಅವರೆಲ್ಲಿ ಹತ್ಯಾರ?" ಎಂದರು ವೈನಿ. "ಡಾಕ್ಟರು ಮೆಟ್ಟಲ ಸುದ್ದಾ ಹತ್ತಬ್ಯಾಡ್ರಿ, ಎದಿ ಛಲೋ ಇಲ್ಲ ಅಂದಿದ್ರು. ನೀ ಮದಲನೇ ಸಲ ಹೋಗೋಕಿಂತ ಮುಂಚೇನೇ ಅಂದಿದ್ರು. ಐತವಾರ ಬಂತಂದ್ರ ನನಗೂ ಅವರಿಗೂ ಜಗಳ. ಆ ಮರದ ತನಕ ನಾನು, ಮುಂದಿಂದು ವಾಚರ್ ಅಳೀತಾನ, ನಾ ಹೋಗಂಗಿಲ್ಲ ಅಂತ ಆಣಿ ಮಾಡಿ ಹೋಗ್ತಿದ್ರು. ಬಂದು ಸೋಮವಾರ ಇಡೀ ದಿನಾ ಮಲಗ್ತಿದ್ರು. ತಮ್ಮಗ ಹೇಳಬ್ಯಾಡ, ಹೇಳಿದ್ರ ಅಂವ ಹತ್ತಂಗಿಲ್ಲ ಅಂತಿದ್ರು."

ಮರದ ಕೆಳಗೆ ಕೂತದ್ದು ನಾಟಕವಾಗಿರಲಿಲ್ಲ. ಇಳಿದು ಬಂದಾಗ ಕೇಳಿದ್ದು ಪರೀಕ್ಷೆಯಾಗಿರಲಿಲ್ಲ. ಆ ಮನುಷ್ಯನಿಗೆ ಅಲ್ಲಿ ಏನಿದೆ ಎಂದು ಗೊತ್ತೇ ಇರಲಿಲ್ಲ, ತಿಳಿಯಬೇಕೆಂದು ಕೇಳಿದ್ದರು. ನಾನು ಹಸಿವೆ ಎಂದೆ. ಸೊಕ್ಕಿನಿಂದ ಎಸೆದ ಮೂರು ಮಾತನ್ನು ಅವರು ಹಾಗೇ ಮನೆಗೆ ತಂದು, ಹೆಂಡತಿ ಕೇಳಿದಾಗಲೆಲ್ಲ ಅದನ್ನೇ ಕೊಟ್ಟಿದ್ದರು. ತಾವು ಅಳೆಯದ ಜಾಗದ ಬಗ್ಗೆ ಒಂದಕ್ಷರವೂ ಸೇರಿಸಿರಲಿಲ್ಲ.

ವೈನಿಯ ಮುಂದೆ ಬಿಕ್ಕಿಬಿಕ್ಕಿ ಅತ್ತೆ. ಅವರು ನೀರು ತಂದುಕೊಟ್ಟು, ನನ್ನೆದುರು ನೆಲದ ಮೇಲೆ ಕೂತರು. "ಅಳಬ್ಯಾಡ. ಹೇಳು ನನಗ."

ಹೇಳಿದೆ. ನೀರು ಒಂದೇ ಕಡೆ ಇಲ್ಲ ವೈನಿ, ಗುಡ್ಡಗಳ ಸಂದಿಸಂದಿಗೆ ಒಳಗೆ ಹೋಗಿದೆ ಎಂದೆ. ಒಬ್ಬ ಎರಡು ಎಮ್ಮೆ ಮೈತೊಳೆಯುತ್ತಿದ್ದ, ಅವನ ಮಾತು ಮೇಲಿನ ತನಕ ಕೇಳುತ್ತಿತ್ತು. ಆಚೆಯ ಬದಿಗೆ ಕಾಡು, ತೇಗದ ಎಲೆ ಉದುರಿ ಕೆಂಪಗಿತ್ತು. ತಾಂಡಾದ ತಗಡುಗಳು ಬಿಸಿಲಿಗೆ ಹೊಳೆಯುತ್ತಿದ್ದವು. ಚಂದಾಪುರದ ಕಡೆಯಿಂದ ಬರುವ ಬಸ್ಸು ತಿರುವಿನಲ್ಲಿ ಒಮ್ಮೆ ಕಂಡು ಒಮ್ಮೆ ಮರೆಯಾಗುತ್ತಿತ್ತು. ಗಾಳಿ ಎಷ್ಟಿತ್ತೆಂದರೆ ಕೋಲು ನಿಲ್ಲಿಸಿದರೆ ನಿಲ್ಲುತ್ತಿರಲಿಲ್ಲ.

"ಮತ್ತ?" ಎಂದರು ವೈನಿ.

"ತೆಳಗ ಸಾಹೇಬ್ರು ಕಾಣ್ತಿದ್ರು ವೈನಿ," ಎಂದೆ. "ಮರದ ಬುಡಕ್ಕ, ಬಿಳೀ ಅಂಗಿ. ನಾ ಕೈ ಎತ್ತಿದೆ. ಅವರೂ ಎತ್ತಿದ್ರು."